ಕಂಪನಿಯ ಯಜಮಾನ

ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಗುಬ್ಬಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಡಿಕೆ, ಕೊಬ್ಬರಿಗಳ ವ್ಯಾಪಾರಕ್ಕೆ ಹೆಸರಾದ ಪೇಟೆಯಾಗಿತ್ತು. ಸುತ್ತಲ ತೋಟಗಳ ಫಸಲು ಇಲ್ಲಿಗೆ ಬಂದು ಮಾರಾಟವಾಗುತ್ತಿತ್ತು. ಚನ್ನಬಸವೇಶ್ವರಸ್ವಾಮಿಯ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಜನ ಸೇರುತ್ತಿದ್ದರು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿನ ಮೂಲಕ ರೈಲುಮಾರ್ಗವೂ ಇಲ್ಲಿಗೆ ಬಂದಿತು. ಹಣವುಳ್ಳ ವರ್ತಕರು, ಕಥೆ ಕೇಳುವ ಹಂಬಲವುಳ್ಳ ರೈತರು, ಸಾಮಾನು ಸಾಗಿಸಲು ರೈಲು, ಈ ಮೂರೂ ಒಂದೆಡೆ ಕೂಡಿದ ಆ ಊರಿನಲ್ಲಿ 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದ ಗೆಳೆಯರು ಒಂದು ನಾಟಕ ಮಂಡಲಿಯನ್ನು ಕಟ್ಟಿದರು. ಊರ ದೇವರ ಹೆಸರನ್ನು ಹೊತ್ತ ಆ ಮಂಡಲಿಯೇ ಮುಂದೆ ನಾಡಿನಲ್ಲೆಲ್ಲ ಗುಬ್ಬಿ ಕಂಪನಿ ಎಂದು ಪ್ರಸಿದ್ಧವಾಯಿತು.

ಗುಬ್ಬಿ ಕಂಪನಿಯ ಹೆಸರನ್ನು ವೀರಣ್ಣನವರ ಹೆಸರಿನಿಂದ ಬೇರ್ಪಡಿಸುವುದು ಇಂದು ಸಾಧ್ಯವಿಲ್ಲ. ಆದರೆ ಅವರು ಕಂಪನಿಯನ್ನು ಹುಟ್ಟುಹಾಕಿದವರಲ್ಲ. ಅದು ಹುಟ್ಟಿದ ಕೆಲವು ವರ್ಷಗಳ ಬಳಿಕ, 1891ರಲ್ಲಿ, ಗುಬ್ಬಿ ತಾಲ್ಲೂಕಿನ ಗುಳಗಂಜಿಹಳ್ಳಿಯಲ್ಲಿ ಜನಿಸಿದವರು. ಶಾಲೆಯ ಓದು ಅವರಿಗೆ ಹೆಚ್ಚು ದಕ್ಕಲಿಲ್ಲ. ಇನ್ನೂ ಎಳೆಯ ವಯಸ್ಸಿನಲ್ಲೇ ಬಾಲಪಾತ್ರಗಳಿಗೆಂದು ಕಂಪನಿಯನ್ನು ಸೇರಿದರು. ಅಲ್ಲಿ ಹಾಡು, ಮಾತು, ಬಣ್ಣಗಾರಿಕೆ, ತಾಳ ಎಲ್ಲವನ್ನೂ ಕಂಡು ಕೇಳಿ ಕಲಿತರು. ಮೇಲಿನಿಂದ ಬಂದು ಅಧಿಕಾರ ಹಿಡಿದ ಯಜಮಾನರು ಅವರಲ್ಲ, ಪರದೆ ಎಳೆಯುವವನ ಕಷ್ಟವನ್ನೂ ಬಲ್ಲವರು. 1917ರಲ್ಲಿ ಕಂಪನಿಯ ಒಡೆತನ ಅವರ ಕೈಗೆ ಬಂದಿತು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ.

ಆ ಕಾಲದಲ್ಲಿ ನಾಟಕ ಕಂಪನಿಯ ಒಡೆತನವೆಂಬುದು ಸುಖದ ಪದವಿಯಾಗಿರಲಿಲ್ಲ. ಕಂಪನಿಗಳು ಅಣಬೆಗಳಂತೆ ಎದ್ದು ಅಷ್ಟೇ ಬೇಗ ಅಡಗುತ್ತಿದ್ದವು. ಮೈಸೂರಿನ ಎ.ವಿ. ವರದಾಚಾರ್ಯರು ತಮ್ಮ ಕಾಲದ ಅದ್ವಿತೀಯ ನಟರು, ಗಾಯಕರು. ಅವರ ರತ್ನಾವಳಿ ನಾಟಕ ಸಭೆಗೆ ಅರಮನೆಯ ಆದರವೂ ಪಂಡಿತರ ಮೆಚ್ಚುಗೆಯೂ ಇದ್ದವು. ಆದರೂ 1926ರಲ್ಲಿ ಅವರು ತೀರಿಕೊಂಡ ಬಳಿಕ ಆ ಸಭೆಯ ವೈಭವ ಉಳಿಯಲಿಲ್ಲ. ಮಹಾನಟನ ಸುತ್ತ ಕಟ್ಟಿದ ಕಂಪನಿ ಆ ನಟನ ಕೊರಳು ನಿಂತೊಡನೆ ತಾನೂ ನಿಲ್ಲುತ್ತಿದ್ದುದು ಆಗಿನ ವಾಡಿಕೆ. ಅಂತಹ ದಿನಗಳಲ್ಲಿ ಗುಬ್ಬಿ ಕಂಪನಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಬ್ಬರ ನೇತೃತ್ವದಲ್ಲಿ ಬಾಳಿತು. ಇದಕ್ಕೆ ವೀರಣ್ಣನವರ ಹಾಸ್ಯವೂ ರಂಗಸಜ್ಜಿಕೆಯ ಅದ್ದೂರಿಯೂ ಕಾರಣವೆಂದು ಹೇಳುವುದು ರೂಢಿ. ಹಾಸ್ಯ ಬಲ್ಲವರು ಬೇರೆ ಕಂಪನಿಗಳಲ್ಲಿಯೂ ಇದ್ದರು. ಅದ್ದೂರಿಗೆ ಹಣ ಸುರಿದು ಬೀದಿಗೆ ಬಂದವರೂ ಇದ್ದರು. ಕಾರಣವನ್ನು ಬೇರೆಡೆ ಹುಡುಕಬೇಕು.

ಕಂಪನಿಯೆಂದರೆ ರಾತ್ರಿ ಕಾಣುವ ನಾಟಕವಷ್ಟೇ ಅಲ್ಲ. ನಟರು, ಹಾರ್ಮೋನಿಯಂ ಮತ್ತು ತಬಲ ಮಾಸ್ತರರು, ಪರದೆ ಬರೆಯುವ ಚಿತ್ರಕಾರರು, ಬಡಗಿಗಳು, ದರ್ಜಿಗಳು, ಬಣ್ಣದವರು, ದೀಪದವರು, ಟಿಕೆಟು ಹರಿಯುವವರು, ಅಡಿಗೆಯವರು, ಇವರೆಲ್ಲರ ಹೆಂಡಿರು ಮಕ್ಕಳು ಸೇರಿ ಅದೊಂದು ನಡೆದಾಡುವ ಊರು. ಒಂದು ಊರಿನಲ್ಲಿ ಮೊಕ್ಕಾಂ ಮುಗಿದೊಡನೆ ತಗಡಿನ ಥಿಯೇಟರನ್ನು ಬಿಚ್ಚಿ, ಪರದೆಗಳನ್ನು ಸುತ್ತಿ, ಪೆಟ್ಟಿಗೆಗಳನ್ನು ತುಂಬಿ ಮುಂದಿನ ಊರಿಗೆ ಹೊರಡಬೇಕು. ರೈಲು ಇರುವಲ್ಲಿ ರೈಲು. ಕುಣಿಗಲ್ಲಿನಂಥ ಊರಿಗೆ 2017ರವರೆಗೂ ಅದು ಬಾರದಿದ್ದುದರಿಂದ ಅಂತಹ ಕಡೆಗೆ ಹೋಗುವವರಿಗೆ ಗಾಡಿಯೇ ಗತಿ. ಮಳೆ ಹಿಡಿದರೆ ಆಟವಿಲ್ಲ, ಆಟವಿಲ್ಲದಿದ್ದರೆ ಹುಟ್ಟುವಳಿಯಿಲ್ಲ. ಪ್ಲೇಗು, ಕಾಲರಾಗಳ ಸುದ್ದಿ ಹಬ್ಬಿದರೆ ಜನ ಒಂದೆಡೆ ಸೇರಲು ಹೆದರುತ್ತಾರೆ. ಆದರೆ ಹುಟ್ಟುವಳಿ ನಿಂತ ದಿನವೂ ಒಲೆ ಉರಿಯಲೇಬೇಕು. ಒಡೆಯನ ಪರೀಕ್ಷೆ ನಡೆಯುವುದು ದೀಪದ ಬೆಳಕಿನಲ್ಲಲ್ಲ, ಅಡಿಗೆಮನೆಯ ಹೊಗೆಯಲ್ಲಿ. ಈ ಪರೀಕ್ಷೆಯನ್ನು ವೀರಣ್ಣನವರು ವರ್ಷ ವರ್ಷವೂ ಎದುರಿಸಿದರು. ಸಾಲ ಮಾಡಿದರು, ತೀರಿಸಿದರು, ಮತ್ತೆ ಮಾಡಿದರು. ಹಲವು ಜಾತಿ ಮತಗಳ ಜನ ಒಂದೇ ಬಿಡಾರದಲ್ಲಿ ಬಾಳುವುದು ಆಗಿನ ಸಮಾಜದಲ್ಲಿ ಅಪರೂಪವಾಗಿತ್ತು. ಹಿಂದೂ ಮುಸಲ್ಮಾನರು ಕೂಡಿ ಕಟ್ಟಿದ ಕಂಪನಿಯಲ್ಲಿ ಆ ಬಾಳು ಮೊದಲಿನಿಂದ ಬಂದ ನಡೆವಳಿಕೆ. ಅದನ್ನು ಕೆಡದಂತೆ ಕಾಪಾಡಿದ್ದು ಯಜಮಾನರ ಕೆಲಸ.

ವೀರಣ್ಣನವರು ತಮಗಾಗಿ ಆರಿಸಿಕೊಂಡ ಪಾತ್ರಗಳನ್ನು ನೋಡಿದರೆ ಅವರ ಸ್ವಭಾವ ಇನ್ನಷ್ಟು ತಿಳಿಯುತ್ತದೆ. ಕಂಪನಿಯ ಒಡೆಯನಾದವನು ರಾಜನಾಗಿ, ನಾಯಕನಾಗಿ ಕಿರೀಟ ಧರಿಸಿ ರಂಗಕ್ಕೆ ಬರುವುದು ಆಗಿನ ಪದ್ಧತಿ. ಇವರಾದರೋ ಕಿರೀಟವನ್ನು ಇತರರ ತಲೆಗೆ ಬಿಟ್ಟು ತಾವು ಹಾಸ್ಯಪಾತ್ರಗಳನ್ನು ಹಿಡಿದರು. ಸದಾರಮೆ ನಾಟಕದಲ್ಲಿ ನಾಯಕಿಯನ್ನು ಹೊತ್ತೊಯ್ಯಲು ಬಂದು ಅವಳ ಜಾಣ್ಮೆಗೆ ಸೋಲುವ ಕಳ್ಳನ ಪಾತ್ರ ಅವರಿಗೆ ನಾಡಿನಲ್ಲೆಲ್ಲ ಹೆಸರು ತಂದಿತು. ಜನ ಅದೇ ನಾಟಕವನ್ನು ಮತ್ತೆ ಮತ್ತೆ ನೋಡಿದರು. ಕಥೆ ಗೊತ್ತಿದ್ದರೂ ಕಳ್ಳ ಬರುವ ಹೊತ್ತಿಗೆ ನಿದ್ದೆಯಿಂದ ಎದ್ದು ಕುಳಿತರು. ಮೈಸೂರು ಅರಮನೆಯ ಆಶ್ರಯದಲ್ಲಿ ವರ್ಸಟೈಲ್ ಕಮೆಡಿಯನ್ ಎಂಬ ಬಿರುದು ದೊರೆಯಿತು. ಆ ಬಿರುದು ಅವರ ಹೆಸರಿಗೆ ಎಷ್ಟು ಬಲವಾಗಿ ಅಂಟಿಕೊಂಡಿತೆಂದರೆ ಅವರ ಉಳಿದ ಸಾಧನೆಗಳನ್ನು ಅದೇ ಮರೆಮಾಡಿತು. ನಗಿಸುವವನನ್ನು ಜನ ಪ್ರೀತಿಸುತ್ತಾರೆ, ಆದರೆ ಅವನ ಲೆಕ್ಕದ ಪುಸ್ತಕವನ್ನು ಯಾರೂ ತೆರೆದು ನೋಡುವುದಿಲ್ಲ.

ನಾಯಕನ ಪಾತ್ರವನ್ನು ಬಿಟ್ಟುಕೊಟ್ಟುದರಿಂದ ಕಂಪನಿಗೆ ಇನ್ನೊಂದು ಲಾಭವೂ ಆಯಿತು. ಒಳ್ಳೆಯ ನಟನು ಅಲ್ಲಿ ಒಡೆಯನಿಗೆ ಪ್ರತಿಸ್ಪರ್ಧಿಯಾಗಬೇಕಿರಲಿಲ್ಲ. ಸಾಹಿತಿಗಳ ವಿಷಯದಲ್ಲಿಯೂ ಇದೇ ಉದಾರತೆ ಕಾಣುತ್ತದೆ. ತುಮಕೂರಿನ ಸಮೀಪದ ಬೆಳ್ಳಾವೆಯವರಾದ ನರಹರಿ ಶಾಸ್ತ್ರಿಗಳು ಕಂಪನಿಗಾಗಿ ನಾಟಕಗಳನ್ನು ಬರೆದರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಕ್ಕೆ ಮಾತು ಹಾಡುಗಳನ್ನು ರಚಿಸಿದವರೂ ಇವರೇ. ಬಿ. ಪುಟ್ಟಸ್ವಾಮಯ್ಯನವರಂತಹ ಸಮರ್ಥ ಲೇಖಕರು ರಂಗಭೂಮಿಗಾಗಿ ಬರೆಯುವಂತಾದುದಕ್ಕೂ ಈ ಕಂಪನಿಯ ಆಶ್ರಯವೇ ಕಾರಣ.

ಆ ಮೊದಲು ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಮೀಸೆ ಬೋಳಿಸಿದ ಯುವಕನು ಸೀತೆಯಾಗಿ ಅಳುವುದನ್ನು ಜನ ಒಪ್ಪಿದ್ದರು. ಹೆಂಗಸರು ರಂಗಕ್ಕೆ ಬಂದರೆ ಅವರ ಮಾನಕ್ಕೆ ಕುಂದೆಂದು ತಿಳಿದಿದ್ದ ಕಾಲವದು. ಅಂತಹ ದಿನಗಳಲ್ಲಿ ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದ ಮೊದಲಿಗರಲ್ಲಿ ಗುಬ್ಬಿ ಕಂಪನಿಯೂ ಒಂದು. ವೀರಣ್ಣನವರ ಪತ್ನಿ ಸುಂದರಮ್ಮನವರು ರಂಗದ ಮೇಲೆ ಹೆಸರು ಮಾಡಿದರು. ಅನಂತರ ಅವರ ಕೈಹಿಡಿದ ಬಿ. ಜಯಮ್ಮನವರು ಕಂಪನಿಯ ಪ್ರಧಾನ ನಟಿಯಾಗಿ ಬೆಳೆದರು; ಅವರ ಗಾಯನಕ್ಕಾಗಿಯೇ ಜನ ಬರುತ್ತಿದ್ದರು. ಈ ನಟಿಯರ ದುಡಿಮೆಯ ಕೀರ್ತಿಯ ದೊಡ್ಡ ಪಾಲು ಯಜಮಾನರ ಹೆಸರಿನಲ್ಲಿ ಕರಗಿಹೋಯಿತೆಂಬುದನ್ನು ಮರೆಯಲಾಗದು. ಸಂಸಾರವೇ ಕಂಪನಿಯಾಗಿ, ಕಂಪನಿಯೇ ಸಂಸಾರವಾಗಿದ್ದ ಆ ಬಾಳಿನಲ್ಲಿ ಯಾರ ದುಡಿಮೆ ಎಷ್ಟೆಂದು ಲೆಕ್ಕವಿಟ್ಟವರಿರಲಿಲ್ಲ. ವೀರಣ್ಣನವರ ಸಾಧನೆಯನ್ನು ಇಂದು ತೂಗುವವರು ಆ ಲೆಕ್ಕವನ್ನೂ ತೆರೆಯಬೇಕಾಗುತ್ತದೆ.

ಮಕ್ಕಳಿಗಾಗಿಯೇ ಬಾಲಕಲಾವರ್ಧಿನಿ ಎಂಬ ಸಂಘವನ್ನು ಅವರು ಸ್ಥಾಪಿಸಿದರು. ಮಕ್ಕಳೇ ಎಲ್ಲ ಪಾತ್ರಗಳನ್ನು ವಹಿಸುವ ನಾಟಕಗಳು ಅಲ್ಲಿ ಸಿದ್ಧವಾದವು. ಹೊರಗಿನವರಿಗೆ ಅದು ಒಂದು ವಿನೋದದಂತೆ ಕಂಡಿರಬಹುದು. ವಾಸ್ತವವಾಗಿ ಅದು ಶಾಲೆಯಾಗಿತ್ತು. ರಂಗಶಿಕ್ಷಣಕ್ಕೆ ನಾಡಿನಲ್ಲಿ ಬೇರೆ ಯಾವ ವ್ಯವಸ್ಥೆಯೂ ಇಲ್ಲದಿದ್ದಾಗ, ಎಳೆಯರು ಗಂಟಲು ಪಳಗಿಸಿಕೊಂಡು, ಹೆಜ್ಜೆ ಕಲಿತು, ಮಾತಿನ ಉಚ್ಚಾರವನ್ನು ತಿದ್ದಿಕೊಳ್ಳುವುದಕ್ಕೆ ಅಲ್ಲಿ ಅವಕಾಶವಿತ್ತು.

1934ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿತವಾದ ಕುರುಕ್ಷೇತ್ರವು ಕಂಪನಿಯ ಖ್ಯಾತಿಯನ್ನು ಶಿಖರಕ್ಕೇರಿಸಿತು. ಪುಟ್ಟಸ್ವಾಮಯ್ಯನವರು ಬರೆದ ಆ ನಾಟಕದಲ್ಲಿ ನಿಜವಾದ ಆನೆಗಳು, ಕುದುರೆಗಳು, ರಥಗಳು ರಂಗದ ಮೇಲೆ ಬಂದವು. ಮಹಾಭಾರತದ ಯುದ್ಧಭೂಮಿಯನ್ನು ಕಣ್ಣಾರೆ ಕಂಡೆವೆಂದು ಜನ ಬೆರಗಾದರು. ಗಾಳಿಯಂತ್ರವಾಗಲಿ ಗಣಕವಾಗಲಿ ಇಲ್ಲದ ಆ ಕಾಲದಲ್ಲಿ, ಬಡಗಿಯ ಉಳಿ, ಚಿತ್ರಕಾರನ ಕುಂಚ, ದೀಪದವನ ಕೈಚಳಕಗಳಿಂದಲೇ ಅಂತಹ ದೃಶ್ಯ ನಿರ್ಮಾಣವಾಗುತ್ತಿತ್ತು. ಆನೆಯೊಂದನ್ನು ನೂರಾರು ಜನರ ಗದ್ದಲದ ನಡುವೆ, ಹಾರ್ಮೋನಿಯಂ ಸದ್ದಿನಲ್ಲಿ, ಹಲಗೆಯ ಮೇಲೆ ಹೆದರದಂತೆ ನಿಲ್ಲಿಸುವುದಕ್ಕೆ ಎಷ್ಟು ದಿನಗಳ ಪಳಗಿಸುವಿಕೆ ಬೇಕೆಂಬುದನ್ನು ಊಹಿಸಬಹುದು. ಆ ಆನೆಗೆ ಮೇವನ್ನೂ ಕಂಪನಿಯೇ ಹಾಕಬೇಕಲ್ಲವೆ?

ಈ ವೈಭವವೇ ವೀರಣ್ಣನವರ ಮೇಲಣ ಆಕ್ಷೇಪಕ್ಕೂ ಮೂಲವಾಯಿತು. ಬೆಂಗಳೂರಿನಲ್ಲಿ 1909ರಲ್ಲೇ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬ ಹವ್ಯಾಸಿಗಳ ಸಂಘ ಹುಟ್ಟಿತ್ತು. ಟಿ.ಪಿ. ಕೈಲಾಸಂ ಅವರು ಮನೆಯ ಮಾತನ್ನೇ ನಾಟಕದ ಮಾತಾಗಿಸಿ, ವರದಕ್ಷಿಣೆ, ಪರೀಕ್ಷೆಯ ಹುಚ್ಚು, ಒಣ ಮಡಿವಂತಿಕೆಗಳನ್ನು ರಂಗಕ್ಕೆ ತಂದಿದ್ದರು. ಆ ಹೊಸ ಕಣ್ಣಿನಿಂದ ನೋಡಿದವರಿಗೆ ಕಂಪನಿ ನಾಟಕಗಳು ಹಾಡಿನ ಮೇಲೆ ಹಾಡು ಹೇರಿದ, ಪುರಾಣದ ಆಚೆಗೆ ಇಣುಕದ, ಕಣ್ಣನ್ನು ತಣಿಸಿ ಮನಸ್ಸನ್ನು ಮಲಗಿಸುವ ಆಟಗಳಾಗಿ ಕಂಡವು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ರಥ ಬಂದಾಗ ಚಪ್ಪಾಳೆ ತಟ್ಟಿದ ಪ್ರೇಕ್ಷಕನು ಕರ್ಣನ ದುಃಖವನ್ನು ಮರೆತಿರಬಹುದು. ಒಮ್ಮೆ ಆನೆಯನ್ನು ತಂದವನು ಮುಂದಿನ ನಾಟಕಕ್ಕೆ ಅದಕ್ಕಿಂತ ದೊಡ್ಡದನ್ನು ತರಬೇಕಾಗುತ್ತದೆ; ಖರ್ಚು ಏರುತ್ತಲೇ ಹೋಗುತ್ತದೆ. ಅದ್ದೂರಿಯ ಸ್ಪರ್ಧೆಗೆ ಇಳಿದ ಎಷ್ಟೋ ಸಣ್ಣ ಕಂಪನಿಗಳು ನೆಲಕಚ್ಚಿದವು.

ಆದರೆ ಹವ್ಯಾಸಿಗಳಿಗೆ ಹಗಲಿನಲ್ಲಿ ಬೇರೆ ಉದ್ಯೋಗವಿತ್ತು. ಅವರ ಪ್ರೇಕ್ಷಕರು ನಗರದ ವಿದ್ಯಾವಂತರು. ವೀರಣ್ಣನವರು ಎದುರಿಸುತ್ತಿದ್ದುದು ನೆಲದ ಟಿಕೆಟಿಗೆ ಕಾಸು ಕೂಡಿಸಿ, ಹತ್ತು ಮೈಲಿ ಗಾಡಿಯಲ್ಲಿ ಬಂದು, ಬೆಳಗಿನ ಜಾವದವರೆಗೆ ಕುಳಿತು ನೋಡುವ ಜನವನ್ನು. ಅಕ್ಷರ ತಿಳಿಯದ ಆ ಜನಕ್ಕೆ ಮಹಾಭಾರತ, ಭಾಗವತಗಳನ್ನು ಸ್ಪಷ್ಟವಾದ ಕನ್ನಡದಲ್ಲಿ ಕೇಳಿಸಿದ ಪಾಠಶಾಲೆ ಕಂಪನಿಯ ರಂಗವೇ ಆಗಿತ್ತು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ ಗುಬ್ಬಿ ಕಂಪನಿ ಮೈಸೂರು ಸಂಸ್ಥಾನದ ಗಡಿ ದಾಟಿಯೂ ಸಂಚರಿಸಿತು. ಆಂಧ್ರದಲ್ಲಿಯೂ ಅದಕ್ಕೆ ಮನ್ನಣೆ ದೊರೆಯಿತು. 1956ರಲ್ಲಿ ನಾಡು ಒಂದಾಗುವುದಕ್ಕೆ ಬಹಳ ಮೊದಲೇ ಆ ಕಂಪನಿಯ ಹಾಡುಗಳು ಗಡಿಗಳನ್ನು ದಾಟಿ ಹೋಗಿದ್ದವು.

ಚಲನಚಿತ್ರದ ವಿಷಯದಲ್ಲಿ ವೀರಣ್ಣನವರ ನಡೆ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ನಾಟಕವನ್ನು ನುಂಗಲು ಬಂದ ಸಿನಿಮಾವನ್ನು ನಾಟಕದವರು ಶತ್ರುವೆಂದು ತಿಳಿದರೆ ಆಶ್ಚರ್ಯವಿಲ್ಲ. ಇವರು ಅದಕ್ಕೆ ಬೆನ್ನು ತಿರುಗಿಸದೆ ಎದುರಾಗಿಯೇ ನಡೆದರು. 1930ರ ದಶಕದ ಆರಂಭದಲ್ಲಿ ಹರಿಮಾಯಾ ಮೊದಲಾದ ಮೂಕಿ ಚಿತ್ರಗಳ ತಯಾರಿಕೆಗೆ ಇಳಿದರು. ಆದರೆ ಕಾಲ ಅವರಿಗೆ ಅನುಕೂಲವಾಗಿರಲಿಲ್ಲ. 1931ರಲ್ಲಿ ಆಲಂ ಆರಾ ಹಿಂದಿಯಲ್ಲಿ ಮಾತನಾಡತೊಡಗಿತು. ಮಾತು ಬಂದ ಮೇಲೆ ಮೂಕ ಚಿತ್ರವನ್ನು ಕೇಳುವವರಾರು? ಅಷ್ಟಕ್ಕೆ ಅವರು ಕೈಬಿಡಲಿಲ್ಲ. 1941ರಲ್ಲಿ ಸುಭದ್ರಾ, 1942ರಲ್ಲಿ ಜೀವನ ನಾಟಕ, 1946ರಲ್ಲಿ ಹೇಮರೆಡ್ಡಿ ಮಲ್ಲಮ್ಮ, 1953ರಲ್ಲಿ ಗುಣಸಾಗರಿ ಹೀಗೆ ಒಂದೊಂದಾಗಿ ಚಿತ್ರಗಳು ಬಂದವು. ಕನ್ನಡ ಚಿತ್ರಗಳನ್ನು ಅನ್ಯ ಪ್ರಾಂತಗಳ ಸ್ಟುಡಿಯೋಗಳಲ್ಲಿ ತಯಾರಿಸಬೇಕಾಗಿದ್ದ, ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳಷ್ಟೇ ಬರುತ್ತಿದ್ದ ಕಾಲವದು.

1954ರಲ್ಲಿ ಬಂದ ಬೇಡರ ಕಣ್ಣಪ್ಪ ಎಲ್ಲವನ್ನೂ ಬದಲಿಸಿತು. ರಂಗದ ಮೇಲೆ ಜನಪ್ರಿಯವಾಗಿದ್ದ ಕಥೆಯನ್ನೇ ವೀರಣ್ಣನವರ ಸಂಸ್ಥೆ ಚಿತ್ರವಾಗಿಸಿತು, ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದರು. ಕಣ್ಣಪ್ಪನ ಪಾತ್ರಕ್ಕೆ ಆಯ್ಕೆಯಾದವನು ಮುತ್ತುರಾಜ ಎಂಬ ಯುವಕ. ಅವನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರಾಗಿದ್ದವರು. ಮಗನೂ ಬಾಲ್ಯದಲ್ಲೇ ಕಂಪನಿಯ ಗಾಳಿ ಕುಡಿದವನು. ಸಿಂಹ ಅವರು ಆ ಯುವಕನಿಗೆ ರಾಜಕುಮಾರ ಎಂಬ ಹೊಸ ಹೆಸರಿಟ್ಟರು. ತುಮಕೂರು ಜಿಲ್ಲೆಯ ತಿಪಟೂರಿನವರಾದ ನರಸಿಂಹರಾಜು ಅವರೂ ಅದೇ ಚಿತ್ರದಲ್ಲಿ ಕಾಣಿಸಿಕೊಂಡರು. ಯುವಕನನ್ನು ಗುರುತಿಸಿದ ಕಣ್ಣು ಸಿಂಹ ಅವರದು, ಪಾತ್ರಕ್ಕೆ ಜೀವ ತುಂಬಿದವನು ಆ ಯುವಕನೇ. ಇದನ್ನೆಲ್ಲ ವೀರಣ್ಣನವರ ಹೆಸರಿಗೆ ಬರೆಯುವುದು ನ್ಯಾಯವಲ್ಲ. ಆದರೆ ಹೊಸಬನೊಬ್ಬನ ಮೇಲೆ ಒಂದು ಚಿತ್ರದ ಇಡೀ ಬಂಡವಾಳವನ್ನು ಹೂಡುವ ಧೈರ್ಯ ಅವರ ಸಂಸ್ಥೆಗಿತ್ತು.

ಇದಕ್ಕಿಂತಲೂ ಹೆಚ್ಚಾಗಿ ಅವರ ಮನಸ್ಸನ್ನು ತೋರಿಸುವುದು ಬಿ.ವಿ. ಕಾರಂತರ ಪ್ರಸಂಗ. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ನಾಟಕದ ಹುಚ್ಚು ಹಿಡಿದು ಮನೆಬಿಟ್ಟು ಬಂದ ಹುಡುಗ ಗುಬ್ಬಿ ಕಂಪನಿಯನ್ನು ಸೇರಿದ. ಕಂಪನಿಗೆ ಬೇಕಾಗಿದ್ದುದು ಹಾಡಬಲ್ಲ, ಓಡಾಡಬಲ್ಲ, ಹೇಳಿದ ಪಾತ್ರ ಮಾಡಬಲ್ಲ ಹುಡುಗರು. ಅವನನ್ನು ಅಲ್ಲಿಯೇ ಇರಿಸಿಕೊಂಡಿದ್ದರೆ ಒಳ್ಳೆಯ ನಟನೊಬ್ಬ ಅವರಿಗೆ ಅಗ್ಗವಾಗಿ ದೊರೆಯುತ್ತಿದ್ದ. ವೀರಣ್ಣನವರು ಹಾಗೆ ಮಾಡಲಿಲ್ಲ. ಹುಡುಗನಿಗೆ ಓದಿನ ಹಸಿವಿರುವುದನ್ನು ಕಂಡು ಅವನನ್ನು ಕಾಶಿಗೆ ಕಳುಹಿಸಿಕೊಟ್ಟರು. ಅಲ್ಲಿ ಅವರು ಹಿಂದಿಯಲ್ಲಿ ಎಂ.ಎ. ಪದವಿ ಪಡೆದರು, ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತವನ್ನು ಕಲಿತರು. ಮುಂದೆ 1977ರಿಂದ 1981ರವರೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಕಾರಂತರು ಬೆಳೆಸಿದ ರಂಗಭೂಮಿ ಕಂಪನಿ ನಾಟಕದ ಮಾರ್ಗವನ್ನು ಬಿಟ್ಟು ಬೇರೆ ದಾರಿ ಹಿಡಿದುದು. ಆದರೆ ಅದರಲ್ಲಿ ಹಾಡಿಗಿದ್ದ ಸ್ಥಾನವನ್ನು ಬಲ್ಲವರು ಗುಬ್ಬಿಯ ಹಾರ್ಮೋನಿಯಂ ಅನ್ನು ನೆನೆಯದಿರಲಾರರು. ಇದೇ ಕಂಪನಿಯಲ್ಲಿ ಬಾಲ್ಯ ಕಳೆದ ಜಿ.ವಿ. ಅಯ್ಯರ್ ಅವರು 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರ ಆದಿ ಶಂಕರಾಚಾರ್ಯವನ್ನು ನಿರ್ದೇಶಿಸಿದರು.

ಇಷ್ಟು ಜನರನ್ನು ಬೆಳೆಸಿ ಹೊರಗೆ ಕಳುಹಿಸಿದವರು ಕಂಪನಿಯನ್ನು ತಮ್ಮ ಬಳಿಕ ನಡೆಸಿಕೊಂಡು ಹೋಗುವ ವ್ಯವಸ್ಥೆಯನ್ನು ಮಾತ್ರ ಗಟ್ಟಿಯಾಗಿ ಕಟ್ಟಲಿಲ್ಲ. ಎಲ್ಲ ನಿರ್ಧಾರಗಳೂ ಯಜಮಾನರದೇ ಆಗಿದ್ದುವು. ಸಾಲ ಕೊಡುವವರು ನಂಬುತ್ತಿದ್ದುದು ಕಂಪನಿಯನ್ನಲ್ಲ, ವೀರಣ್ಣನವರ ಮುಖವನ್ನು. ಆ ಮುಖ ಮರೆಯಾದ ಮೇಲೆ, ಚಿತ್ರಮಂದಿರಗಳು ಹೋಬಳಿಗಳವರೆಗೂ ಹಬ್ಬಿದ ಕಾಲದಲ್ಲಿ, ಅಷ್ಟು ದೊಡ್ಡ ಬಳಗವನ್ನು ಊರಿಂದೂರಿಗೆ ಒಯ್ಯುವುದು ದುಸ್ತರವಾಯಿತು. ವರದಾಚಾರ್ಯರ ಸಭೆಗೆ ಬಂದ ಗತಿ ಗುಬ್ಬಿ ಕಂಪನಿಗೆ ಬಾರದಂತೆ ಅವರು ತಮ್ಮ ಜೀವಿತಕಾಲದಲ್ಲಿ ತಡೆದರು. ಅನಂತರಕ್ಕೂ ತಡೆಯಲು ಅವರಿಂದಾಗಲಿಲ್ಲ.

ಮನ್ನಣೆಗಳಿಗೆ ಅವರ ಬಾಳಿನಲ್ಲಿ ಕೊರತೆಯಿರಲಿಲ್ಲ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1972ರಲ್ಲಿ ಪದ್ಮಶ್ರೀ ಗೌರವವೂ ಸಂದವು. ತಮ್ಮ ಆತ್ಮಕಥೆಗೆ ಅವರು ಕಲೆಯೇ ಕಾಯಕ ಎಂದು ಹೆಸರಿಟ್ಟರು. ಶರಣರ ಪರಂಪರೆಯಲ್ಲಿ ಹುಟ್ಟಿ ಬೆಳೆದವರಿಗೆ ಕಾಯಕವೆಂಬುದು ಹಗುರವಾದ ಪದವಲ್ಲ. ಅದರಲ್ಲಿ ದುಡಿಮೆಯೊಡನೆ ದುಡಿದುದನ್ನು ಹಂಚಿ ಉಣ್ಣುವ ಹೊಣೆಯೂ ಸೇರಿದೆ. ಪದ್ಮಶ್ರೀ ದೊರೆತ ವರ್ಷವೇ, 1972ರ ಅಕ್ಟೋಬರಿನಲ್ಲಿ, ಅವರು ನಿಧನರಾದರು.

ತುಮಕೂರು ನಗರದ ಕಲಾಕ್ಷೇತ್ರಕ್ಕೆ ವೀರಣ್ಣನವರ ಹೆಸರಿಟ್ಟಿದ್ದಾರೆ. ವೃತ್ತಿರಂಗಭೂಮಿಯಲ್ಲಿ ಬಹುಕಾಲ ದುಡಿದವರಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಯೂ ಅವರ ಹೆಸರಿನದೇ. ಅವರ ಮೊಮ್ಮಗಳು ಬಿ. ಜಯಶ್ರೀ ಅವರು ಆಧುನಿಕ ರಂಗಭೂಮಿಯಲ್ಲಿ ನಟಿಯಾಗಿ, ನಿರ್ದೇಶಕಿಯಾಗಿ ಹೆಸರು ಮಾಡಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಕಂಪನಿಯ ಹಳೆಯ ಸದಾರಮೆಯನ್ನು ಅವರು ಮತ್ತೆ ರಂಗಕ್ಕೆ ತಂದಾಗ ಅದರಲ್ಲಿ ತಾವು ಆರಿಸಿಕೊಂಡುದು ರಾಜಕುಮಾರಿಯ ಪಾತ್ರವನ್ನಲ್ಲ. ಒಂದು ಕಾಲದಲ್ಲಿ ಹೆಂಗಸರ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ರಂಗದ ಮೇಲೆ, ಅಜ್ಜ ಆಡುತ್ತಿದ್ದ ಕಳ್ಳನ ವೇಷವನ್ನು ಮೊಮ್ಮಗಳು ಕಟ್ಟಿ ಬಂದರು. ಕಥೆ ಗೊತ್ತಿದ್ದ ಜನ ಮತ್ತೆ ನಕ್ಕರು.